ಅವರ ಆಯದ ಬಾಗಿಲು ನಮ್ಮ ಮನೆಗೆ

ಮೊಮ್ಮಗಳು ಮನೆಗೆ ಬಂದಳು! ಇವತ್ತು ಮಧ್ಯಾಹ್ನ ದಾಂಡೇಲಿಯ ದವಾಖಾನೆಯಿಂದ ರಿಕ್ಷಾದಲ್ಲಿ ಕರೆತಂದೆವು. ಹಳೆಯ ಮೆತ್ತನೆಯ ಸೀರೆಯ ತುಂಡಿನಲ್ಲಿ ಸುತ್ತಿದ ಮುಖ, ಹಣೆಯ ತನಕ ಕೂದಲು, ಯಾರ ಮೇಲೋ ಸಿಟ್ಟಾದವಳ ಹಾಗೆ ಬಿಗಿ ಹಿಡಿದ ಮುಷ್ಟಿ. ಹೊಸ್ತಿಲ ಹೊರಗೆ ನಿಲ್ಲಿಸಿ, ರೊಟ್ಟಿ ತುಂಡು ನಿವಾಳಿಸಿ, ನೀರು ಚೆಲ್ಲಿ ತಾಯಿ ಮಗಳಿಬ್ಬರನ್ನೂ ಒಳಗೆ ಕರೆದುಕೊಂಡೆ. ನಾನು ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು, ಬರೆಯುವುದು ನನ್ನ ಕೆಲಸವಲ್ಲ. ಆದರೆ ಆ ಹೊಸ್ತಿಲು ನಮ್ಮ ಮನೆಗೆ ಹೇಗೆ ಬಂತೆಂದು ಬರೆಯದಿದ್ದರೆ ಈ ಸಂತೋಷ ಎದೆಯಲ್ಲಿ ಹಿಡಿಸುವುದಿಲ್ಲ.

ನಮ್ಮ ಯಜಮಾನರು ಧಾರವಾಡದ ಕಡೆಯ ಹಳ್ಳಿಯಿಂದ ಇಲ್ಲಿಯ ಕಾಗದದ ಕಾರ್ಖಾನೆಗೆ ದುಡಿಯಲು ಬಂದವರು. ನಿವೃತ್ತಿಯಾದಾಗ ಸಿಕ್ಕ ಹಣದಲ್ಲಿ ಎರಡು ಖೋಲಿಯ ಈ ಮನೆ ಕೊಂಡರು. ಅವರು ಹೋದ ಮೇಲೆ ನಾನೊಬ್ಬಳೇ ಉಳಿದೆ. ಕಾರ್ಖಾನೆಯ ಭೋಂಗಾ ಊದಿದರೆ ಈಗಲೂ ಕೈ ತಾನಾಗಿ ಊಟದ ಡಬ್ಬಿ ಹುಡುಕುತ್ತದೆ. ರೊಟ್ಟಿ ಬಡಿದಾಗಲೆಲ್ಲ ಒಂದು ಹೆಚ್ಚಾಗುತ್ತದೆ, ಅದನ್ನು ಓಣಿಯ ಆಕಳಿಗೆ ಹಾಕುತ್ತೇನೆ. ಇದ್ದೊಬ್ಬ ಮಗಳನ್ನು ಮುಂಡಗೋಡದ ಕಡೆ ಮಳಗಿಗೆ ಕೊಟ್ಟಿದ್ದೇವೆ. ಮನೆ ಮಾರಿ, ಅವಳ ಊರಲ್ಲೇ ಒಂದು ಖೋಲಿ ಬಾಡಿಗೆ ಹಿಡಿದು ಇದ್ದುಬಿಡೋಣ ಎಂದು ನಾನೇ ನಿಶ್ಚಯಿಸಿದೆ. ಮಗಳೂ ಹೂಂ ಅಂದಳು.

ಕೊಳ್ಳಲು ಬಂದವರು ಹಳಿಯಾಳದಲ್ಲಿ ಕಿರಾಣಿ ಅಂಗಡಿ ಇಟ್ಟ ಸಾವಕಾರರು. ಮುಂಗಡವಾಗಿ ಸಂಚಕಾರ ಕೊಟ್ಟರು, ಕಾಗದ ಮಾಡಿಕೊಂಡೆವು. ನೋಂದಣಿಗೆ ಇನ್ನೂ ಹೊತ್ತಿದ್ದಾಗಲೇ ಬಡಿಗರನ್ನು ಕರೆತಂದು ತಲೆಬಾಗಿಲು ಅಳೆಸಿದರು. ಹಳೆಯ ಚೌಕಟ್ಟಿಗೆ ಗೆದ್ದಲು ಹತ್ತಿತ್ತು. ಮನೆಯೊಡೆಯನ ಹೆಸರಿನ ಮೇಲೆ ಆಯದ ಲೆಕ್ಕ ಕೂಡಿಸಿ, ಆ ಅಳತೆಗೆ ಬಾಗಿಲು ಮಾಡಿಸುವುದು ನಮ್ಮ ಕಡೆಯ ಪದ್ಧತಿ. ಆಯ ಕೂಡಿದರೆ ಮನೆ ತುಂಬುತ್ತದೆ ಅನ್ನುತ್ತಾರೆ. ಟೇಪಿನ ಒಂದು ತುದಿಯನ್ನು ನಾನೇ ಹಿಡಿದುಕೊಂಡಿದ್ದೆ. ಇನ್ನು ಮುಂದೆ ಯಾರಾದರೂ ಈ ಬಾಗಿಲು ತಟ್ಟಿದರೆ ತೆಗೆಯುವವಳು ಬೇರೆ ಅನ್ನಿಸಿತು.

ಅದೇ ವಾರ ಮಗಳ ಫೋನು ಬಂತು. "ಅವ್ವಾ, ನಿಂತೀಯೋ ಕುಂತೀಯೋ? ಮೊದಲ ಕುಂದರು."

ಮದುವೆಯಾಗಿ ಎಷ್ಟೋ ವರ್ಷ, ಹರಕೆ ಹೊತ್ತು ಹೊತ್ತು ಆಸೆಯನ್ನೇ ಬಿಟ್ಟಿದ್ದ ಹುಡುಗಿ, ಈಗ ಬಸುರಿ. ನಾನು ಕುಳಿತೆ, ಅತ್ತೆ, ನಕ್ಕೆ. ಆಮೇಲೆ ತಲೆಯೆತ್ತಿ ಮನೆ ನೋಡಿದೆ. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು. ಗಂಡನ ಊರಿನಲ್ಲಿ ಹಿಡಿದ ಬಾಡಿಗೆ ಖೋಲಿಗೆ ತವರು ಎಂದು ಹೇಗೆ ಅನ್ನಲಿ?

ಬಾಣಂತನ ಮುಗಿಯುವ ತನಕ ತಡೆಯಿರಿ ಎಂದು ಸಾವಕಾರರನ್ನು ಕೇಳಿಕೊಂಡೆ. ಬ್ಯಾಂಕಿನ ಸಾಲ ಅಷ್ಟು ದಿನ ಕಾಯುವುದಿಲ್ಲ ಎಂದರು. ಹಾಗಾದರೆ ನಾನು ಮಾರುವುದಿಲ್ಲ ಎಂದೆ. ಸಂಚಕಾರದ ಹಣ ಮುಟ್ಟಿರಲಿಲ್ಲ, ಇದ್ದ ಹಾಗೇ ತಿರುಗಿ ಕೊಟ್ಟೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಒಂದು ದಿನ ಅವರೇ ಬಂದು ಕಟ್ಟೆಯ ಮೇಲೆ ಕುಳಿತರು. ಕೊಟ್ಟ ಚಹಾ ಮುಟ್ಟಲಿಲ್ಲ.

"ಅಕ್ಕಾರ, ವಕೀಲರಿಗೆ ಕೊಟ್ಟೇನಿ, ಬ್ಯಾಂಕಿಗೆ ಕಟ್ಟೇನಿ. ಸ್ಟಾಂಪು, ಸರ್ವೇ, ಬಾಗಿಲಾ, ಮ್ಯಾಲೆ ವಾಸ್ತುಶಾಂತಿಗೆ ಅಡಿಗಿಯವಂಗ ಹೇಳಿದ್ದು. ಎಲ್ಲಾ ನೀವ ತುಂಬಿ ಕೊಡಬೇಕು."

"ಅಡಿಗಿಯವನ್ನ ನಾ ಕರಸಿದ್ದೆನೇನ್ರಿ?"

"ಮಾತು ಮುರದವರು ನೀವು. ಕೊಡಂಗಿಲ್ಲಂದ್ರ ಕೋರ್ಟಿಗೆ ಬರ್ರಿ."

ಅವರು ಹೇಳಿದ್ದೆಲ್ಲ ಕೊಟ್ಟರೆ ಬಾಣಂತನಕ್ಕೆಂದು ಬ್ಯಾಂಕಿನಲ್ಲಿಟ್ಟದ್ದು ಬಳಿದು ಹೋಗುತ್ತಿತ್ತು. ಕೊಡದಿದ್ದರೆ ಕೋರ್ಟು. ಬಸುರಿ ಮಗಳಿಗೆ ಹೇಳುವ ಮಾತಲ್ಲ. ಅಳಿಯಂದಿರಿಗೆ ಹೇಳಿದರೆ ಅವಳ ಕಿವಿಗೆ ಬೀಳದೆ ಇರದು. ದಿನಾ ಸಂಜೆ ಅವಳ ಫೋನು.

"ಉಂಡೀ ಅವ್ವಾ?"

"ಉಂಡೆ."

"ಏನ ಮಾಡಿದ್ದಿ?"

ಮಾಡದ ಪಲ್ಯದ ಹೆಸರು ಹೇಳುತ್ತಿದ್ದೆ.

"ಮನಿ ತಗೊಳ್ಳೋರು ಸಿಟ್ಟಾಗಲಿಲ್ಲೇನು?"

"ಛಲೋ ಮಂದಿ ಅದಾರ. ಹೋಗ್ಲಿ ಬಿಡ್ರಿ ಅಂದ್ರು."

ಫೋನಿಟ್ಟರೆ ಎರಡು ಖೋಲಿಯ ಮನೆ ಎಷ್ಟು ದೊಡ್ಡದು! ಇಷ್ಟು ದೊಡ್ಡ ಸಂತೋಷ ಬಂದಿದೆ, ಇಷ್ಟು ದೊಡ್ಡ ಚಿಂತೆಯೂ ಬಂದಿದೆ, ಎರಡನ್ನೂ ಹಂಚಿಕೊಳ್ಳಲು ಒಂದು ನರಪಿಳ್ಳೆಯಿಲ್ಲ. ಯಜಮಾನರ ಸೈಕಲ್ಲಿನ ಧೂಳು ಒರೆಸುತ್ತ "ಅಜ್ಜ ಆಗ್ತೀರಿ ನೋಡ್ರಿ" ಅಂದೆ. ಅವರಿಗೆ ಅಂದೆನೋ, ಸೈಕಲ್ಲಿಗೆ ಅಂದೆನೋ.

ಕೊನೆಗೆ ಹಳಿಯಾಳದ ಬಸ್ಸು ಹತ್ತಿದೆ. ಬಡವರಿಗೆ ಪುಕ್ಕಟೆ ಸಲಹೆ ಹೇಳುವ ವಕೀಲರು ಕೋರ್ಟಿನಲ್ಲಿ ಕೂರುತ್ತಾರೆಂದು ಕೇಳಿದ್ದೆ. ನೋಡಿದರೆ ನನ್ನ ಮಗಳ ವಯಸ್ಸಿನ ಹುಡುಗಿ. ನಮ್ಮ ಕರಾರಿನ ಕಾಗದ ಪೂರಾ ಓದಿದಳು.

"ಅಜ್ಜಿ, ಹಿಂದ ಸರದವರು ನೀವು. ಕೈ ಝಾಡಿಸಿಕೊಂಡು ಹೋಗಾಕ ಬರೂದಿಲ್ಲ. ಹಂಗಂತ ಅವರು ಹೇಳಿದ್ದೆಲ್ಲಾ ಕೊಡಬೇಕು ಅಂತನೂ ಇದರಾಗ ಬರದಿಲ್ಲ. ಒಂದೊಂದಕ್ಕೂ ರಸೀದಿ ಕೇಳ್ರಿ. ಖರೇ ಖರ್ಚಾದದ್ದು ಎಷ್ಟು, ಕುಂತು ಮಾತಾಡಿ ಮುಗಸ್ರಿ. ಕೊಟ್ಟ ಮ್ಯಾಲೆ ಬಾಕಿ ಇಲ್ಲ ಅಂತ ಬರಸಿಕೊಳ್ರಿ."

"ಮತ್ತ ಬಾಗಿಲಾ?"

"ಬಾಗಿಲಾ ಎಲ್ಲೈತಿ? ನೋಡೀರೇನು?"

ನೋಡಿರಲಿಲ್ಲ. ಸೀದಾ, ಹಳಿಯಾಳದಲ್ಲೇ ಇದ್ದ ಆ ಬಡಿಗರ ಅಂಗಡಿಗೆ ಹೋದೆ. ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಸಾಗವಾನಿ ಚೌಕಟ್ಟು, ಎರಡು ಕದ, ಹೊಸ್ತಿಲಿಗೆ ಕಮಲ ಕೆತ್ತಿತ್ತು. ಮನೆಯಿಲ್ಲದ ಬಾಗಿಲು. ತೆಗೆದರೆ ಹಿಂದೆ ಬರೀ ಗೋಡೆ. ಪಾಪ ಅನ್ನಿಸಿತು. ಎಷ್ಟೋ ಹೊತ್ತು ಅದರ ಮುಂದೆಯೇ ನಿಂತಿದ್ದೆ.

ಬಡಿಗರು ಹೇಳಿ ಕಳಿಸಿದ್ದಕ್ಕೆ ಸಾವಕಾರರು ಬಂದರು, ಹಿಂದೆಯೇ ಅವರ ಹೆಂಡತಿಯೂ ಬಂದರು.

"ವಕೀಲರದು, ಸ್ಟಾಂಪಿಂದು, ಸರ್ವೇದು ರಸೀದಿ ತೋರಸ್ರಿ, ಕೊಡ್ತೇನಿ" ಎಂದೆ. "ಬಾಗಿಲದ ರೊಕ್ಕಾನೂ ಕೊಡ್ತೇನಿ. ಆದ್ರ ಬಾಗಿಲಾ ನನ್ನ ಮನಿಗೆ ಬರಬೇಕು."

"ಹೆಂಗ ಬರ್ತೈತ್ರಿ? ಅದರ ಆಯಾ ನನ್ನ ಹೆಸರಿಂದು!"

"ಅಳತಿ ನನ್ನ ಮನೀದೈತಲ್ರಿ. ಬ್ಯಾರೆ ಯಾವ ಮನಿಗೆ ಹಚ್ಚತೀರಿ?"

ಅವರ ಹೆಂಡತಿ ಸೆರಗು ಸರಿಪಡಿಸಿಕೊಂಡು, "ಒಯ್ಲಿ ಬಿಡ್ರಿ. ನಿಮ್ಮ ಆಯಾ ನಮಗಂತೂ ಮನಿ ಕೊಡಸಲಿಲ್ಲ, ಅವರಿಗರ ಕೂಸಿನ್ನ ಕೊಡಸಲಿ" ಅಂದರು.

ಬಡಿಗರು ಉಳಿ ಒರೆಸುತ್ತ, "ಆಯಾ ಬಾಗಿಲಕ್ಕ ಕೂಡಸ್ತೇವ್ರಿ ಸಾವಕಾರ್ರ, ಜಗಳಕ್ಕಲ್ಲ" ಎಂದರು. ಸಾವಕಾರರಿಗೂ ನಗು ತಡೆಯಲಿಲ್ಲ. ಬ್ಯಾಂಕಿನದನ್ನೂ ಅಡುಗೆಯವನದನ್ನೂ ಬಿಟ್ಟುಕೊಟ್ಟರು. ಉಳಿದದ್ದನ್ನು ಕೊಟ್ಟು, ಇನ್ನೇನೂ ಬಾಕಿಯಿಲ್ಲವೆಂದು ಬರೆಸಿಕೊಂಡೆ. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ ಮೇಲೆಯೇ ಅದನ್ನು ಚೀಲದಲ್ಲಿಟ್ಟೆ. ಬಾಣಂತನದ ದುಡ್ಡು ಸವೆಯಿತು, ಬರಿದಾಗಲಿಲ್ಲ.

ಬಾಗಿಲು ಸಾಮಾನು ಸಾಗಿಸುವ ಟಂಟಂನಲ್ಲಿ ಬಂತು. ಬಡಿಗರು ಕೂಡಿಸಿ ಹೋದರು. ಅವತ್ತು ನಾನು ಹೊರಗೆ ನಿಂತು ನಾನೇ ಚಿಲಕ ಬಡಿದು ನೋಡಿದೆ. ಒಳಗಿನಿಂದ ಯಾರು ಎನ್ನುವವರಿರಲಿಲ್ಲ. ಅಂಥ ಚಂದದ ಬಾಗಿಲಿಗೆ ಎಣ್ಣೆ ಒರೆಸುತ್ತ ತಿಂಗಳುಗಳನ್ನು ಕಳೆದೆ. ಬಸುರಿಗೆ ಮಾಡುವ ಕುಬಸ ಮುಗಿಸಿ ಮಗಳನ್ನು ಕರೆತಂದಾಗಲೂ "ಹಳೇದಕ್ಕ ಗೆದ್ದಲ ಹತ್ತಿತ್ತವಾ" ಎಂದು ಅಷ್ಟೇ ಹೇಳಿದೆ.

ಇವತ್ತು ಸಂಜೆ ಮಳಗಿಯಿಂದ ಬೀಗತಿ ಬಂದರು, ಅಳಿಯಂದಿರು ಇಲ್ಲೇ ಇದ್ದಾರೆ. ಕೂಸು ಮಲಗಿದ ಮೇಲೆ ಎಲ್ಲರಿಗೂ ತಾಟು ಇಟ್ಟೆ. ಬಾಣಂತಿ ಒಳಖೋಲಿಯಲ್ಲೇ ಒಬ್ಬಳೇ ಉಣ್ಣುವುದು ರೂಢಿ. ನಾನು ಅವಳ ತಾಟನ್ನು ಖೋಲಿಯ ಬಾಗಿಲ ತನಕ ಎಳೆದಿಟ್ಟೆ.

"ಗಾಳಿ ಬಡೀತೈತ್ರಿ ಬಾಣಂತಿಗೆ!" ಎಂದರು ಬೀಗತಿ.

"ತಲೆಬಾಗಿಲಾ ಹಾಕೇನ್ರಿ. ಸಾಗವಾನೀದು, ಗಾಳಿ ಸುಳಿಯೂದಿಲ್ಲ. ಒಬ್ಬಾಕೀನ ಉಣ್ಣೂದು ಹೆಂಗಿರತೈತಿ ನನಗ ಗೊತ್ತೈತಿ."

ಹೀಗೆ ಬಾಗಿಲ ಮಾತು ಬಂತು, ಎಲ್ಲ ಹೇಳಿಬಿಟ್ಟೆ. ಮಗಳ ಕೈ ತುತ್ತಿನಲ್ಲೇ ನಿಂತಿತು.

"ಅಂದ್ರ ದಿನಾ ಉಂಡೆ ಉಂಡೆ ಅಂತಿದ್ದೆಲ್ಲಾ?"

"ಇವತ್ತ ಖರೇನ ಉಣ್ಣಾಕತ್ತೇನಿ, ನೋಡು."

ಅವಳು ಕಣ್ಣೊರೆಸಿಕೊಂಡು ತನ್ನ ತಾಟಿನ ತುಪ್ಪವನ್ನು ನನ್ನ ಅನ್ನಕ್ಕೆ ಸುರಿದಳು. ಅಳಿಯಂದಿರು ತಲೆ ತಗ್ಗಿಸಿ, "ಅತ್ತೀ, ಇನ್ನೊಂದು ರೊಟ್ಟಿ ಹಾಕ್ರಿ" ಅಂದರು. ಹಾಕಿದೆ. ಬುಟ್ಟಿಯಲ್ಲಿದ್ದುದು ಅದೇ ಕೊನೆಯದು. ಓಣಿಯ ಆಕಳಿಗೆ ಇವತ್ತು ಏನೂ ಉಳಿಯಲಿಲ್ಲ.