ಗ್ಯಾಸ್‌ಲೈಟಿನ ಬೂದಿ

ಯುದ್ಧದ ವರ್ಷಗಳಲ್ಲಿ ನಾನು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆಗೆ ಸೇರಿದ್ದೆ. ನನ್ನ ಕೆಲಸಕ್ಕೆ ಲೋಹದ ಬಿಲ್ಲೆಯ ಮೇಲೆ, ತಾನಾಗಿ ವಿಕಿರಣ ಸೂಸುವ ಥೋರಿಯಂನ ಒಂದು ಪದರ ಬೇಕಿತ್ತು. ರಸ್ತೆ ಬದಿಯ ಕಾಫಿ ಎಲೆಯ ಮೇಲೆ ಕೂರುವ ದೂಳಿನಷ್ಟು ತೆಳುವಾಗಿ. ದಪ್ಪವಾದರೆ ಅದರಿಂದ ಹೊಮ್ಮುವ ಕಣಗಳು ಅದರೊಳಗೇ ಸಿಕ್ಕಿಕೊಳ್ಳುತ್ತವೆ. ಆದರೆ ಥೋರಿಯಂ ಲವಣ ಎಲ್ಲೂ ಸಿಗುತ್ತಿರಲಿಲ್ಲ. ನಮ್ಮ ಕಡೆಯ ಸುಗ್ಗಿ ಹಬ್ಬ ಹುತ್ತರಿಯ ರಜೆ ಮುಗಿಸಿ ಬರುವಾಗ ಪದರ ತಂದರೆ ಸರಿ, ಇಲ್ಲವಾದರೆ ಜಾಗ ಬೇರೆಯವರಿಗೆ ಎಂದು ಪ್ರೊಫೆಸರು ಖಡಾಖಂಡಿತವಾಗಿ ಹೇಳಿಬಿಟ್ಟರು.

ಗ್ಯಾಸ್‌ಲೈಟಿನೊಳಗೆ ಕಾದು ಬೆಳಗುವ ಮ್ಯಾಂಟಲ್ ಎಂಬ ಬಲೆಬಟ್ಟೆಯಲ್ಲಿ ಥೋರಿಯಂ ಇರುತ್ತದೆ. ಬಾಳೆಲೆ ಎಂಬ ಊರಿನಲ್ಲಿದ್ದ ನಮ್ಮ ಸೋದರಮಾವನ ಮನೆಯಲ್ಲಿ ಗ್ಯಾಸ್‌ಲೈಟ್ ಇತ್ತು, ಸುತ್ತಮುತ್ತಲಿಗೆಲ್ಲ ಅದೊಂದೇ. ಹಬ್ಬಕ್ಕೆಂದು ಅವರು ಒಂದು ಹೊಸ ಮ್ಯಾಂಟಲನ್ನು ಜೋಪಾನ ಮಾಡಿಟ್ಟಿದ್ದರು. ಅಂಗಡಿಗಳಲ್ಲಿ ಆಗ ಅದು ಕಣ್ಣಿಗೂ ಬೀಳುತ್ತಿರಲಿಲ್ಲ. ಹಿಂಜರಿಯುತ್ತಲೇ ಕೇಳಿದೆ. "ತಗೋ ಕೂಸೇ" ಎಂದರು ಮಾವ.

ಮರುದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅದನ್ನು ದೀಪಕ್ಕೆ ಕಟ್ಟಿ ಸುಟ್ಟಿಟ್ಟಿದ್ದರು. ದೀಪ ಉರಿಸುವವರು ಹೊಸ ಮ್ಯಾಂಟಲನ್ನು ಮೊದಲು ಸುಟ್ಟುಕೊಳ್ಳಬೇಕಲ್ಲ! "ನಿಂಗೆ ಗೊತ್ತಾಗ್ಲಿಕ್ಕಿಲ್ಲ ಅಂತ ನಾನೇ ಮಾಡಿಟ್ಟೆ" ಎಂದರು ಹೆಮ್ಮೆಯಿಂದ. ನನ್ನ ಮೈಯೆಲ್ಲ ಉರಿದುಹೋಯಿತು. ಸುಡದ ಬಟ್ಟೆಯ ಥೋರಿಯಂ ನೀರಿನಲ್ಲಿ ಕರಗುತ್ತದೆ. ಸುಟ್ಟ ಬೂದಿ ಜಪ್ಪಯ್ಯ ಎಂದರೂ ಕರಗದು. "ಎಂಥ ಕೆಲ್ಸ ಮಾಡಿದ್ರಿ ಮಾವ!" ಎಂದು ಕೂಗಾಡಿದೆ. ಅವರ ಮುಖ ಬಾಡಿತು.

ಸಿಟ್ಟು ಇಳಿದ ಮೇಲೆ ತಲೆ ಓಡಿತು. ಕರಗದಿದ್ದರೇನು, ತಳದಲ್ಲಿ ಕೂರುತ್ತದಲ್ಲ! ಬೂದಿಯನ್ನು ನುಣ್ಣಗೆ ಅರೆದು, ದೀಪ ಹೊತ್ತಿಸಲು ಇಟ್ಟಿದ್ದ ಸ್ಪಿರಿಟ್ಟಿನಲ್ಲೇ ಕಲಕಿ, ಜೊತೆಗೆ ತಂದಿದ್ದ ಬಿಲ್ಲೆಯನ್ನು ಅಗಲ ಬಾಯಿಯ ಲೋಟದ ತಳದಲ್ಲಿಟ್ಟು ಮೇಲೆ ಸುರಿದೆ. ಸ್ಪಿರಿಟ್ ಪೂರ್ತಿ ಆರುವವರೆಗೆ ಲೋಟ ಅಲುಗಬಾರದು. ಮಾವ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು ಯಾರನ್ನೂ ಒಳಗೆ ಬಿಡಲಿಲ್ಲ, ಅತ್ತೆಯನ್ನೂ. ಕೊನೆಗೆ ನೋಡಿದರೆ ಬಿಲ್ಲೆಯ ಮೇಲೆ ಒಂದೇ ಸಮನಾದ ಬಿಳಿ ಪದರ ಕೂತಿತ್ತು.

ಹುತ್ತರಿಗೆ ಬಂದ ನೆಂಟರೆಲ್ಲ ಲಾಟೀನಿನ ಮಂಕು ಬೆಳಕಿನಲ್ಲಿ ಕೂತು ಗ್ಯಾಸ್‌ಲೈಟ್ ಯಾಕೆ ಹಚ್ಚಿಲ್ಲ ಎಂದು ಕೇಳಿದರು. "ಅದ್ರ ಮ್ಯಾಂಟಲ್ ಬೆಂಗ್ಳೂರಿಗೆ ಓದ್ಲಿಕ್ಕೆ ಹೊರಟಿದೆ" ಎಂದರು ಮಾವ. ನಾನು ನಗುತ್ತಲೇ ಎದ್ದು ಲಾಟೀನಿನ ಬತ್ತಿ ಏರಿಸಿದೆ.

ಪದರ ಕೆಲಸ ಮಾಡಿತು, ನನ್ನ ಜಾಗ ಉಳಿಯಿತು. ಮುಂದಿನ ರಜೆಯಲ್ಲಿ ಮಾವನ ಮನೆಗೆ ಬರಿಗೈಯಲ್ಲೇ ಹೋದೆ. ಬೆಂಗಳೂರಿನಲ್ಲೂ ಮ್ಯಾಂಟಲ್ ಸಿಕ್ಕಿರಲಿಲ್ಲ. ಆರಿದ ದೀಪ ತೊಲೆಗೆ ಹಾಗೇ ನೇತಾಡುತ್ತಿತ್ತು.

"ನಮ್ಮ ಮ್ಯಾಂಟಲ್ ಅಲ್ಲಿ ಎಷ್ಟು ಬೆಳಕು ಕೊಡ್ತದೆ?" ಮಾವ ಕೇಳಿದರು.

"ಬೆಳಕಿಲ್ಲ ಮಾವ. ಅದ್ರಿಂದ ಕಣ ಹೊಮ್ಮಿದಾಗೆಲ್ಲ ಮೆಷಿನ್ನಲ್ಲಿ ಟಕಟಕ ಅಂತ ಸದ್ದು ಬರ್ತದೆ, ಅಷ್ಟೇ."

ಅವರು ತಲೆಯೆತ್ತಿ ದೀಪವನ್ನು ನೋಡಿದರು. "ಇಲ್ಲಿ ಉರಿಯುವಾಗ್ಲೂ ಬುಸ್ ಅಂತ ಸದ್ದು ಮಾಡ್ತಿತ್ತಲ್ಲ. ಸದ್ದುಂಟು ಅಂದ್ರೆ ಉರೀತಾ ಉಂಟು ಅಂತ ಲೆಕ್ಕ."