ಹಸಿಂತೊ ಬುಟ್ಟಿ ತುಂಬಿಸಿಕೊಂಡ ದಿನ

ನಮ್ಮ ಟ್ರೇಲರ್ ಮನೆಗಳ ಸಾಲಿನಲ್ಲಿ ಯಾರು ಯಾರ ಮನೆಗೆ ಏನು ಕೇಳಲು ಹೊರಟಿದ್ದಾರೆ ಎಂಬುದು ಮೊದಲು ನನಗೆ ಗೊತ್ತಾಗುತ್ತದೆ. ಸಿಹಿ ಬನ್ನು ಬೇಯಿಸಿ ಮಾರುವವಳು ನಾನು. ಹೆಣ್ಣುಮಗುವಿಗೆ ಹದಿನೈದು ತುಂಬಿದರೆ ನಮ್ಮವರು ಮದುವೆಯಷ್ಟೇ ಅದ್ದೂರಿಯ ಹಬ್ಬ ಮಾಡುತ್ತಾರೆ, ಆದರೆ ಆ ಖರ್ಚನ್ನು ಯಾರೂ ಒಬ್ಬರೇ ಹೊರುವುದಿಲ್ಲ. ಕೇಕಿನ ಖರ್ಚು ಹೊತ್ತವನು ಕೇಕಿನ ಧರ್ಮತಂದೆ, ಬೂಟು ಕೊಡಿಸಿದವಳು ಬೂಟಿನ ಧರ್ಮತಾಯಿ, ಮತ್ತೊಬ್ಬ ಬ್ಯಾಂಡಿನ ಧರ್ಮತಂದೆ. ಕೇಳಲು ಹೋಗುವವರು ಬುಟ್ಟಿ ತುಂಬ ಬನ್ನು ಒಯ್ಯಬೇಕು, ಜತೆಗೆ ಮಾತಾಡಲು ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಬೇಕು. ಮನೆಯವರು ಬುಟ್ಟಿಯನ್ನು ಕೈಗೆ ತೆಗೆದುಕೊಂಡರೆ ಒಪ್ಪಿದಂತೆ. ಅಂದಿನಿಂದ ಅವರು ಒಬ್ಬರಿಗೊಬ್ಬರು ಗಂಡಸಾದರೆ ಕೊಂಪಾದ್ರೆ, ಹೆಂಗಸಾದರೆ ಕೊಮಾದ್ರೆ, ರಕ್ತಸಂಬಂಧಕ್ಕಿಂತ ಒಂದು ತೂಕ ಹೆಚ್ಚು. ಗಡಿಯಾಚೆಯ ಗುರೆರೊದ ಗುಡ್ಡಗಳಿಂದ ನಾರ್ತ್ ಕ್ಯಾರೊಲೈನಾಕ್ಕೆ ಬರುವಾಗ ನಾವು ಇಲ್ಲಿ ನೆಲೆಸಲು ಬೇಕಾದ ಕಾಗದಪತ್ರ ತರಲಿಲ್ಲ, ಈ ಪದ್ಧತಿಯನ್ನು ಮಾತ್ರ ತಂದೆವು.

ಹಸಿಂತೊ ಕೋಳಿ ಕಾರ್ಖಾನೆಯಲ್ಲಿ ಮೂಳೆ ಬಿಡಿಸುವ ಕೆಲಸದವನು. ಬೆಳಿಗ್ಗೆ ಎದ್ದರೆ ಬೆರಳುಗಳು ಬಿಸಿನೀರು ಕಾಣುವವರೆಗೆ ನೆಟ್ಟಗಾಗುವುದಿಲ್ಲ. ಆದರೂ ಈ ಸಾಲಿನಲ್ಲಿ ಅವನು ಧರ್ಮತಂದೆಯಾಗದ ಮನೆಯಿಲ್ಲ. ನನ್ನ ಮಗನಿಗೆ ದೀಕ್ಷಾಸ್ನಾನ ಮಾಡಿಸಿದಾಗ ಎತ್ತಿಕೊಂಡು ನಿಂತವನೂ ಅವನೇ. ಇಂಥವನು ತನ್ನ ಮಗಳು ಸಿತ್ಲಾಲಿಯ ಹದಿನೈದರ ಹಬ್ಬಕ್ಕೆ ಒಬ್ಬರ ಬಾಗಿಲನ್ನೂ ತಟ್ಟಲಿಲ್ಲ. ಎರಡೆರಡು ಪಾಳಿ ದುಡಿದು ಎಲ್ಲವನ್ನೂ ತಾನೇ ಮಾಡಿದ. ಜನ ಉಂಡು ಹರಸಿ ಹೋದರು, ಒಳಗೊಳಗೇ ಮುನಿಸಿಕೊಂಡರು. ಕಾರ್ಖಾನೆಯಲ್ಲಿ ಅವನ ಪಕ್ಕದಲ್ಲೇ ಚಾಕು ಹಿಡಿದು ನಿಲ್ಲುವ ಮುದುಕ ದೋನ್ ಅಬುಂದಿಯೊ ನನ್ನ ಹತ್ತಿರ ಬಾಯಿಬಿಟ್ಟೇ ಹೇಳಿದ.

"ನನ್ನ ಮೊಮ್ಮಗಳ ಹಬ್ಬದ ಕೇಕು ಅವನದು. ಅವನ ಮಗಳ ಹಬ್ಬಕ್ಕೆ ಒಂದು ಬಲೂನಾದ್ರೂ ನನ್ನ ಹತ್ರ ಕೇಳಬಾರದಿತ್ತಾ? ಕೊಡೋಕೆ ಗೊತ್ತು, ಇಸ್ಕೊಳೋಕೆ ಗೊತ್ತಿಲ್ಲ ಅವನಿಗೆ. ಅದೂ ಒಂದು ಜಂಬವೇ."

ಸಿತ್ಲಾಲಿಗೆ ಶಾಲೆ ಮುಗಿಯುವ ವರ್ಷ ರಾಜ್ಯದ ಕಾಲೇಜೊಂದರಲ್ಲಿ ಗಣಿತ ಓದಲು ಸೀಟು ಸಿಕ್ಕಿತು. ಆ ಸಂಜೆ ಹಸಿಂತೊ ನನ್ನ ಅಂಗಡಿಯಲ್ಲಿ ಇದ್ದಬದ್ದ ಬನ್ನನ್ನೆಲ್ಲ ಕೊಂಡು ಮಕ್ಕಳಿಗೆ ಹಂಚಿದ. ಆಮೇಲೆ ಶಾಲೆಯ ಮೇಡಂ ಅವನನ್ನು ಕೂರಿಸಿಕೊಂಡು ಉಳಿದದ್ದನ್ನು ಹೇಳಿದರು. ಕಾಗದವಿಲ್ಲದವರಿಗೆ ಸರಕಾರದ ನೆರವಿಲ್ಲ, ಸಾಲವೂ ಇಲ್ಲ. ಮೇಲಾಗಿ ಹೊರರಾಜ್ಯದವರ ಶುಲ್ಕ ಕಟ್ಟಬೇಕು, ಅದು ಇಲ್ಲಿನವರ ಶುಲ್ಕದ ಎಷ್ಟೋ ಪಟ್ಟು. ಎರಡು ವರ್ಷದ ಕೂಸಾಗಿ ಅಪ್ಪನ ಹೆಗಲ ಮೇಲೆ ಗಡಿ ದಾಟಿ ಬಂದವಳು ಅವಳು. ಅಕ್ಷರ ಕಲಿತದ್ದು ಇಲ್ಲಿ, ಹಲ್ಲು ಬಿದ್ದು ಹುಟ್ಟಿದ್ದು ಇಲ್ಲಿ. ಕಾಲೇಜಿನ ಬಾಗಿಲಿಗೆ ಬಂದಾಗ ಮಾತ್ರ ಹೊರಗಿನವಳು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಹಸಿಂತೊನ ಹೆಂಡತಿ ಒಫೇಲಿಯಳೇ ದಾರಿ ತೋರಿಸಿದಳು. "ಹಬ್ಬಕ್ಕೆ ಕೇಳೋ ಹಾಗೆ ಇದಕ್ಕೂ ಕೇಳೋಣ. ಪುಸ್ತಕಕ್ಕೆ ಒಬ್ಬರು, ಊಟಕ್ಕೆ ಒಬ್ಬರು, ಶುಲ್ಕಕ್ಕೆ ನಾಲ್ಕು ಜನ ಸೇರಿ. ಊರಿಗೆಲ್ಲ ಕೊಟ್ಟಿದ್ದೀಯ, ಇಲ್ಲ ಅಂತಾರಾ?"

"ನನ್ನ ಮಗಳನ್ನ ನಾನು ಓದಿಸೋಕಾಗಲ್ಲ ಅಂತ ಮನೆಮನೆಗೆ ಸಾರಿಕೊಂಡು ಬರ್ಲಾ?" ಎಂದನಂತೆ. ಮಗಳನ್ನು ಕಾಗದವಿಲ್ಲದೆ ಕರೆತಂದವನು ತಾನು ಎಂಬುದು ಅವನನ್ನು ಒಳಗೆ ತಿನ್ನುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಗಂಡಸಲ್ಲ ಅವನು.

ಮುಂದಿನ ಭಾನುವಾರ ಪೂಜೆ ಮುಗಿದು ಎಲ್ಲರೂ ಚರ್ಚಿನ ಅಂಗಳದಲ್ಲಿ ಕಾಫಿ ಕುಡಿಯುತ್ತಿದ್ದೆವು. ದೋನ್ ಅಬುಂದಿಯೊ ಕೇಳಿದ, "ಏನಪ್ಪಾ, ಮಗಳು ಕಾಲೇಜಿಗೆ ಹೊರಡೋದು ಯಾವಾಗ?"

ಹಸಿಂತೊ ನಕ್ಕ. "ಎಲ್ಲಿಯ ಕಾಲೇಜು? ಅವಳಿಗೇ ಓದೋಕೆ ಬೇಜಾರಂತೆ. ಸೋಮಾರಿ. ನಾನೇನು ಬೇಡ ಅಂದ್ನಾ?"

ಅವನ ಬೆನ್ನ ಹಿಂದೆ ಸಿತ್ಲಾಲಿ ಬನ್ನಿನ ತಟ್ಟೆ ಹಿಡಿದು ನಿಂತಿದ್ದಳು. ಮುಖ ಕಿವಿಯವರೆಗೆ ಕೆಂಪಾಯಿತು. ಎಲ್ಲರಿಗೂ ಬನ್ನು ಕೊಡುತ್ತ ಹೋದಳು. ನನಗೇ ತಲೆ ಎತ್ತಲಾಗಲಿಲ್ಲ. ಅಲ್ಲಿದ್ದವರಲ್ಲಿ ಅರ್ಧ ಜನಕ್ಕೆ ಕಾಗದವಿರಲಿಲ್ಲ. ಯಾರ ಮುಂದೆ ಮಾನ ಉಳಿಸಿಕೊಳ್ಳಲು ಅವನು ಮಗಳ ಮಾನ ಕಳೆದನೋ.

ಮಾತು ಊರೆಲ್ಲ ಸುತ್ತಿತು. ಅಂಗಡಿಗೆ ಬಂದ ಹೆಂಗಸರು ಅವಳನ್ನು ಕಂಡರೆ, "ಏನಮ್ಮ, ನಿದ್ದೆ ಮುಗೀತಾ?" ಎಂದು ಚುಚ್ಚುತ್ತಿದ್ದರು. ಅವಳು ಅಪ್ಪನಿಗೆ ಎದುರಾಡಲಿಲ್ಲ. ಒಂದು ದಿನ ಮುಂಜಾನೆ ಅವನು ಕೆಲಸಕ್ಕೆ ಹೊರಟಾಗ ಅವನದೇ ಹಳೆಯ ರಬ್ಬರ್ ಬೂಟು ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಾನೂ ಬರ್ತೀನಿ ಅಪ್ಪ. ಸೋಮಾರಿಗಳಿಗೆ ಕೊಡೋ ಕೆಲಸ ಏನಾದ್ರೂ ಇದ್ರೆ ಕೇಳಿ ಕೊಡಿಸು."

ಆ ದಿನ ಹಸಿಂತೊ ಕಾರ್ಖಾನೆಗೆ ಹೋಗಲಿಲ್ಲ. ನನ್ನ ಅಂಗಡಿಗೆ ಬಂದು ತಲೆ ತಗ್ಗಿಸಿ ನಿಂತ.

"ಬುಟ್ಟಿ ತುಂಬಿಸಿ ಕೊಡಿ, ಕೊಮಾದ್ರೆ. ಮಾತಾಡೋಕೆ ನೀವೇ ಬರಬೇಕು. ನನಗೆ ಬಾಯಿ ಬರಲ್ಲ."

"ಸುಳ್ಳು ಹೇಳೋವಾಗ ಚೆನ್ನಾಗಿ ಬಂತಲ್ಲ," ಎಂದೆ. ಭಾನುವಾರ ನಸುಕಿಗೇ ಒಲೆ ಹಚ್ಚಿದೆ.

ಅಂದು ಮೊದಲು ದೋನ್ ಅಬುಂದಿಯೊ ಮನೆಗೇ ಹೋದೆವು. ಹೆಚ್ಚು ನೊಂದವರ ಮನೆಗೆ ಮೊದಲು ಹೋಗಬೇಕಾದದ್ದು ನ್ಯಾಯ. ಬುಟ್ಟಿ ಸಿತ್ಲಾಲಿಯ ಕೈಯಲ್ಲಿತ್ತು. ನಾನು ಹಿರಿಯರು ಹೇಳುವ ರೀತಿಯಲ್ಲೇ ದೇವರನ್ನು, ಸತ್ತವರನ್ನು ನೆನೆದು, ಈ ಮಗುವಿನ ಓದಿಗೆ ಕೈ ಜೋಡಿಸಿ ಎಂದು ಕೇಳಿದೆ. ಮುದುಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

"ಹಬ್ಬಕ್ಕೆ ನಾನು ಬೇಕಾಗಿರಲಿಲ್ಲ. ಈಗ ಬೇಕಾದ್ನಾ? ಅದೂ ಓದೋಕೆ ಬೇಜಾರು ಅನ್ನೋ ಹುಡುಗೀಗೆ?"

ಹಸಿಂತೊ ನೆಲ ನೋಡಿದ. ಸಿತ್ಲಾಲಿ ಮೆಲ್ಲಗೆ ಹೇಳಿದಳು, "ಆಗ ಬೇಜಾರಿತ್ತು ತಾತ. ತಪ್ಪು ನಂದೇ. ಈಗ ಬುದ್ಧಿ ಬಂದಿದೆ."

ಮುದುಕನ ಮುಖ ಸಡಿಲವಾಯಿತು. ಮಗುವೇ ತಪ್ಪೊಪ್ಪಿಕೊಂಡ ಮೇಲೆ ಇನ್ನೇನು ಎಂಬಂತೆ ಬುಟ್ಟಿಗೆ ಕೈ ಚಾಚಿದ. ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಹಸಿಂತೊ ಬುಟ್ಟಿಯ ಮೇಲೆ ತನ್ನ ಸೊಟ್ಟ ಬೆರಳುಗಳ ಕೈ ಇಟ್ಟ.

"ಈಗಲೇ ತಗೋಬೇಡಿ, ದೋನ್ ಅಬುಂದಿಯೊ. ಅವಳು ಯಾವತ್ತೂ ಬೇಜಾರು ಅಂದಿಲ್ಲ. ನಾನು ಸುಳ್ಳು ಹೇಳಿದೆ. ಕಾಗದ ಇಲ್ಲದೆ ಹೊತ್ತು ತಂದವನು ನಾನು, ಶುಲ್ಕ ಕಟ್ಟೋಕೆ ಆಗದವನು ನಾನು. ನಾಚಿಕೆ ನಂದು, ಅವಳ ತಲೆಗೆ ಕಟ್ಟಿದೆ. ಈಗಲೂ ಅವಳೇ ನನ್ನನ್ನ ಉಳಿಸ್ತಾ ಇದ್ದಾಳೆ."

ಸಿತ್ಲಾಲಿ ಅಳುತ್ತಿದ್ದಳು. "ನನ್ನ ಹತ್ರ ಯಾವ ಕಾಗದ ಇದೆ ಅಂದ್ಕೊಂಡಿದ್ದೀಯೋ, ಕತ್ತೆ?" ಎಂದು ಮುದುಕ ಬುಟ್ಟಿಯನ್ನು ಕಿತ್ತುಕೊಂಡ. "ಬಸ್ಸಿನ ಧರ್ಮತಂದೆ ನಾನು. ಹೋಗೋ ಖರ್ಚು, ಬರೋ ಖರ್ಚು ನಂದು. ಉಳಿದದ್ದಕ್ಕೆ ಬೇರೆಯವರನ್ನ ಹಿಡಿ, ಕೊಂಪಾದ್ರೆ."

ಸಾಲಿನವರೆಲ್ಲ ಸೇರಿದರೂ ಒಂದು ವರ್ಷದ ಶುಲ್ಕಕ್ಕೆ ಸಾಲುತ್ತದೋ ಇಲ್ಲವೋ ಎಂದು ನನಗೆ ಒಳಗೇ ಅನುಮಾನವಿತ್ತು. ಅದನ್ನು ಅಲ್ಲಿ ಆಡಲಿಲ್ಲ. ಅಂಗಡಿಗೆ ಹೋಗಿ ಇನ್ನೊಂದು ಬುಟ್ಟಿ ತುಂಬಿಸಿಕೊಂಡು ಮುಂದಿನ ಮನೆಯ ಮೆಟ್ಟಿಲ ಹತ್ತಿರ ಬಂದಾಗ ಸಿತ್ಲಾಲಿ ಅಪ್ಪನ ತೋಳು ಹಿಡಿದಳು.

"ಇನ್ನು ಸಾಕು ಅಪ್ಪ. ಒಂದು ಮನೇಲಿ ಹೇಳಿದ್ದೀಯ, ನಾಳೆ ಹೊತ್ತಿಗೆ ಎಲ್ಲರಿಗೂ ಗೊತ್ತಾಗುತ್ತೆ. ಪ್ರತಿ ಮನೇಲೂ ಹೇಳಬೇಡ."

"ಅವತ್ತು ಎಲ್ಲರ ಮುಂದೆ ಅಂದಿದ್ನಲ್ಲ ಮಗಳೇ," ಎಂದು ಹಸಿಂತೊ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಾಗಿಲು ತಟ್ಟಿದ.