ಕರಡಿಯ ಬೆನ್ನ ಮೇಲಿನ ಜಾಹೀರಾತು

ನಾನು ಹುಟ್ಟಾ ಪುಕ್ಕಲಿ. ಕೋಳಿ ರೆಕ್ಕೆ ಬಡಿದರೂ ಅವ್ವನ ಸೆರಗಿನೊಳಗೆ ಅಡಗುವವಳು. ಅಂಥ ನನ್ನ ಚಿತ್ರ ಒಂದು ಕಾಲಕ್ಕೆ ‘ಅಂಜದ ಕೂಸು’ ಎಂಬ ಹೆಸರು ಹೊತ್ತು, ಸವಣೂರಿನಿಂದ ಹಿರೇಕೆರೂರಿನವರೆಗೆ ಔಷಧಿ ಸೀಸೆಗಳ ಮೇಲೆ ಮೆರೆಯಿತು ಎಂದರೆ ನಗು ಬರಬೇಕು. ನನಗೆ ಬರುವುದಿಲ್ಲ.

ನಲವತ್ತರ ದಶಕದ ಮೊದಲ ವರ್ಷಗಳು, ನನಗಾಗ ಏಳು. ಅಪ್ಪನಿಗೆ ಸವಣೂರಿನಲ್ಲಿ ಎಲೆತೋಟವಿತ್ತು. ಅವನ ಗೆಳೆಯರಾದ ವೈದ್ಯರೊಬ್ಬರು ಮಕ್ಕಳ ಹೆದರಿಕೆಗೆಂದು ಕಷಾಯ ಕಾಯಿಸಿ ಸೀಸೆಯಲ್ಲಿ ತುಂಬಿ ಮಾರುತ್ತಿದ್ದರು. ಸೀಸೆಗೆ ಅಂಟಿಸಲು ಅವರಿಗೆ ಕರಡಿಯ ಮೇಲೆ ಕುಳಿತ ಮಗುವಿನ ಚಿತ್ರ ಬೇಕಾಯಿತು. ನಮ್ಮ ಕಡೆ ಕರಡಿ ಆಡಿಸುವವನು ಬಂದರೆ ಪುಕ್ಕಲು ಮಕ್ಕಳನ್ನು ಅದರ ಬೆನ್ನ ಮೇಲೆ ಕೂಡಿಸುವುದು, ಅದರ ಕೂದಲು ಹಾಕಿದ ತಾಯತವನ್ನು ಕೊರಳಿಗೆ ಕಟ್ಟುವುದು ರೂಢಿ. ಹೆದರಿಕೆ ಅಲ್ಲಿಗೆ ಬಿಟ್ಟುಹೋಗುತ್ತದೆಂದು ನಂಬಿಕೆ. ವೈದ್ಯರು ಬಂದು ಕೇಳಿದ್ದೇ ಅವ್ವ ಒಪ್ಪಿಬಿಟ್ಟಳು.

“ಫೋಟೋನೂ ಆಗತೈತಿ, ಹುಡುಗಿ ಅಂಜಿಕಿನೂ ಹೋಗತೈತಿ. ನಾನ ಕರಕೊಂಡು ಬರತೇನ್ರಿ,” ಎಂದಳು.

ಹುಬ್ಬಳ್ಳಿಯಿಂದ ಬಂದಿದ್ದ ಫೋಟೋದವರು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, “ಅಳ್ಳಾಡಬ್ಯಾಡವಾ,” ಎಂದರು. ಅಳ್ಳಾಡಲು ನನಗೆಲ್ಲಿಯ ಜೀವ? ಕರಡಿಯ ಬೆನ್ನು ಬಿಸಿಯಾಗಿತ್ತು. ಅದು ಉಸಿರೆಳೆದಾಗೊಮ್ಮೆ ನಾನೂ ಮೇಲೇರಿ ಕೆಳಗಿಳಿಯುತ್ತಿದ್ದೆ. ಕೂಗಲೂ ಆಗಲಿಲ್ಲ, ಕಣ್ಣು ಮಿಟುಕಿಸಲೂ ಆಗಲಿಲ್ಲ.

“ಶಾಬಾಸ್! ಇಂಥಾ ಗಟ್ಟಿ ಕೂಸಿನ್ನ ನಾ ಎಲ್ಲೂ ನೋಡಿಲ್ಲರಿ,” ಎಂದರು ಫೋಟೋದವರು.

ಕೆಳಗಿಳಿಸಿದಾಗ ನನ್ನ ಲಂಗ ಒದ್ದೆಯಾಗಿದ್ದನ್ನು ಕಂಡವಳು ಅವ್ವ ಒಬ್ಬಳೇ. ಸೆರಗು ಮುಚ್ಚಿ ಮನೆಗೆ ಕರೆತಂದಳು, ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಮಗಳು ಧೈರ್ಯವಂತೆ ಎನ್ನಿಸಿಕೊಳ್ಳುವುದು ಅವಳಿಗೂ ಬೇಕಾಗಿತ್ತು. ಆ ಸಿಟ್ಟು ನನಗೆ ಇನ್ನೂ ಇದೆ.

ಅಂದಿನಿಂದ ನನ್ನ ಹೆದರಿಕೆಯನ್ನು ಯಾರೂ ನಂಬದಾದರು. ಹಿತ್ತಲಿಗೆ ಒಬ್ಬಳೇ ಹೋಗಲಾರೆ ಎಂದರೆ, “ಕರಡಿ ಮ್ಯಾಲೆ ಕುಂತಾಕಿಗೆ ಹಿತ್ತಲದ ಅಂಜಿಕಿಯಂತ!” ಎಂದು ಮನೆಮಂದಿಯೆಲ್ಲ ನಗುತ್ತಿದ್ದರು. ವೈದ್ಯರಿಗಂತೂ ಹುಮ್ಮಸ್ಸು ಹೆಚ್ಚಿತು. ಶಿಗ್ಗಾಂವಿ ಸಂತೆ, ಹಾನಗಲ್ಲ ಸಂತೆಗೆಲ್ಲ ನನ್ನನ್ನು ಚಕ್ಕಡಿಯಲ್ಲಿ ಕರೆದೊಯ್ಯುತ್ತಿದ್ದರು. ಕರಡಿಯವನು ತನ್ನ ಕರಡಿಯನ್ನು ಮೊದಲೇ ನಡೆಸಿಕೊಂಡು ಬಂದಿರುತ್ತಿದ್ದ. ಜನ ಕೂಡಿದ ಮೇಲೆ ವೈದ್ಯರು ಸೀಸೆ ಎತ್ತಿ ಚಿತ್ರ ತೋರಿಸುವರು, ಆಮೇಲೆ ನನ್ನನ್ನು ತೋರಿಸಿ ಕರಡಿಯ ಮೇಲೆ ಕೂಡಿಸುವರು. ಪ್ರತಿ ಸಲವೂ ನಾನು ಕಲ್ಲಾಗುತ್ತಿದ್ದೆ. ಜನ ಚಪ್ಪಾಳೆ ತಟ್ಟುತ್ತಿದ್ದರು.

ಒಮ್ಮೆ ಶಿಗ್ಗಾಂವಿ ಸಂತೆಗೆ ಚಿಕ್ಕೇರೂರಿನ ಹೆಣ್ಣುಮಗಳೊಬ್ಬಳು ತನ್ನ ನಾಲ್ಕು ವರ್ಷದ ಮಗಳನ್ನು ಕರೆತಂದಳು. ನಾಯಿ ಬೆನ್ನಟ್ಟಿದ ದಿನದಿಂದ ಕೂಸು ನಿದ್ದೆಯಲ್ಲಿ ಬೆಚ್ಚಿ ಬೀಳುತ್ತಿತ್ತಂತೆ. ಅದನ್ನು ಕರಡಿಯ ಹತ್ತಿರ ಒಯ್ದರೆ ತಾಯಿಯ ಸೀರೆ ಬಿಡಲೊಲ್ಲದು.

“ಬೇಕಾದ್ರ ಈಕಿನ್ನ ಕೇಳ್ರಿ,” ಎಂದು ವೈದ್ಯರು ನನ್ನತ್ತ ಕೈ ಮಾಡಿದರು.

ಆ ತಾಯಿ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದಳು: “ನಿನ್ನ ಅಂಜಿಕಿ ಖರೇನ ಹೋತೇನ ಯವ್ವಾ?”

ಇಲ್ಲ ಎಂದರೆ ಮುಗಿಯುತ್ತಿತ್ತು. ಆ ಕೂಸೂ ಉಳಿಯುತ್ತಿತ್ತು, ನಾನೂ. ಆದರೆ ಆ ದಿನ ಜೊತೆಗೆ ಬಂದಿದ್ದ ಅಪ್ಪ ಗುಂಪಿನ ನಡುವೆ ಎದೆಯುಬ್ಬಿಸಿ ನಿಂತಿದ್ದ.

“ಹೋತ್ರಿ,” ಎಂದೆ.

ಕೂಸು ಮೊದಲ ಸಲ ಮುಖ ಎತ್ತಿತು. “ಕಡಿಯಂಗಿಲ್ಲೇನಕ್ಕಾ?”

“ಇಲ್ಲ. ಏನೂ ಮಾಡಂಗಿಲ್ಲ.”

ತಾಯಿಯ ಸೀರೆ ಬಿಟ್ಟು ಅದು ನನ್ನ ಕೈ ಹಿಡಿಯಿತು. ವೈದ್ಯರ ಮಾತನ್ನಾಗಲಿ ಹೆತ್ತವಳ ಮಾತನ್ನಾಗಲಿ ನಂಬದ ಕೂಸು ನನ್ನನ್ನು ನಂಬಿತು. ಎತ್ತಿ ಕೂಡಿಸಿದಾಗಲೂ ಅದು ನನ್ನ ಕೈ ಬಿಡಲಿಲ್ಲ. ಕರಡಿ ಒಮ್ಮೆ ಗುರುಗುಟ್ಟಿತು. ಕೂಸು ಅಲ್ಲಾಡಲಿಲ್ಲ, ಅಳಲಿಲ್ಲ. ಕಣ್ಣು ತೆರೆದಂತೆಯೇ ನಿಂತುಬಿಟ್ಟವು.

“ನೋಡ್ರಿ, ಅಂಜಿಕಿ ಹಾರಿಹೋತು!” ಎಂದು ವೈದ್ಯರು ಕೂಗಿದರು. ತಾಯಿ ಸಂತೋಷಕ್ಕೆ ಕಣ್ಣೊರೆಸಿಕೊಂಡಳು.

ಅದು ಎಂಥ ಸುಮ್ಮನಿರುವಿಕೆ ಎಂದು ಆ ಸಂತೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಇಳಿಸಿರಿ ಎನ್ನಲು ಬಾಯಿ ತೆರೆದೆ. ಅಪ್ಪ ನನ್ನನ್ನು ನೋಡಿ ನಕ್ಕ. ಬಾಯಿ ಮುಚ್ಚಿದೆ.

ಕೆಳಗಿಳಿಸಿದ ಮೇಲೂ ಕರಡಿ ಅದರ ಪಕ್ಕದಲ್ಲೇ ಇತ್ತು. ಕೂಸು ಕರಡಿಯ ಕಡೆ ನೋಡಲೇ ಇಲ್ಲ. ನನ್ನನ್ನು ನೋಡುತ್ತಾ, ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡು, ಒಂದೊಂದೇ ಹೆಜ್ಜೆ ನನ್ನಿಂದ ಹಿಂದಕ್ಕೆ ಸರಿಯಿತು.